ಕುಮಟಾದಲ್ಲಿ ಸೈಟ್ ತಗೊಳ್ಳೋಣವೇ ಅಂತ ಕೇಳಿದವರಿಗೆ

ಹೋದ ಭಾನುವಾರ ಪಕ್ಕದ ಮನೆಯವರು ಚಹಾಕ್ಕೆ ಬಂದಿದ್ದರು. ಗಂಡ ಹೆಂಡತಿ ಇಬ್ಬರೂ. ಇನ್ನೆರಡು ವರ್ಷಕ್ಕೆ ಇಬ್ಬರಿಗೂ ನಿವೃತ್ತಿ. ಕಪ್ಪು ಕೆಳಗಿಡುವ ಮೊದಲೇ ಅವರು ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿದರು. ಕೆಂಪು ಮಣ್ಣಿನ ಜಾಗ, ನಾಲ್ಕು ತೆಂಗಿನ ಮರ, ಅದರ ಹಿಂದೆ ಗೆರೆ ಎಳೆದ ಹಾಗೆ ಕಡಲು.

"ಕುಮಟಾದಾಗ ಅದರೀ ಇದು. ಹೈವೇಯಿಂದ ಎರಡು ಕಿಲೋಮೀಟರ್ ಒಳಗ. ನೀವು ಒಂಬತ್ತು ವರ್ಷ ಅಲ್ಲೇ ಇದ್ದು ಬಂದವ್ರು. ಖರೇ ಹೇಳ್ರಿ, ತಗೊಳ್ಳೂಣೋ ಬ್ಯಾಡೋ?"

ನನಗೆ ಉತ್ತರ ಹೊಳೆಯಲಿಲ್ಲ. "ಛಲೋ ಊರು" ಅಂದೆ. ಅದು ನಿಜ. ಆದರೆ ಅಷ್ಟೇ ಹೇಳಿದರೆ ಸುಳ್ಳು ಹೇಳಿದ ಹಾಗೆ ಅನ್ನಿಸಿತು. ರಾತ್ರಿ ಮಲಗಿದಾಗಲೂ ಅದೇ ಯೋಚನೆ. ಅವರೊಬ್ಬರೇ ಕೇಳಿದ್ದಲ್ಲ. ಧಾರವಾಡದಲ್ಲಿ, ಹುಬ್ಬಳ್ಳಿಯಲ್ಲಿ ಈಗ ತುಂಬಾ ಜನ ಇದನ್ನೇ ಕೇಳುತ್ತಾರೆ. ಕುಮಟಾ, ಹೊನ್ನಾವರ, ಅಂಕೋಲಾ, ಗೋಕರ್ಣ. ಕಡಲ ಹತ್ತಿರ ಒಂದು ಸಣ್ಣ ಊರು, ಅಲ್ಲೊಂದು ಪುಟ್ಟ ಮನೆ. ಹಾಗಾಗಿ ಸಮಾಧಾನದಿಂದ ಬರೆಯೋಣ ಅಂತ ಕೂತಿದ್ದೇನೆ.

ನನ್ನ ತವರು ಶಿರಹಟ್ಟಿ ಕಡೆ. ಎರೆ ಹೊಲ, ಜೋಳ, ಹತ್ತಿ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಬಂದರೆ ಆ ವರ್ಷ ಪುಣ್ಯದ ವರ್ಷ. ಮದುವೆಯಾಗಿ ಧಾರವಾಡಕ್ಕೆ ಬಂದಾಗ ಇಲ್ಲಿನ ಜಿಟಿಜಿಟಿ ಮಳೆಯೇ ನನಗೆ ದೊಡ್ಡ ಮಳೆಯಾಗಿತ್ತು. 2010ರಲ್ಲಿ ನಮ್ಮವರಿಗೆ ಕುಮಟಾಕ್ಕೆ ವರ್ಗವಾಯಿತು. ಆಮೇಲೆ ಹೊನ್ನಾವರ, ಆಮೇಲೆ ಅಂಕೋಲಾ. ಮನೆ ಮಾತ್ರ ಕೊನೆಯ ತನಕ ಕುಮಟಾದಲ್ಲೇ ಇತ್ತು. ಸಾಮಾನು ತುಂಬಿದ ಲಾರಿ ಶಿರಸಿ ದಾಟಿ ದೇವಿಮನೆ ಘಟ್ಟ ಇಳಿದದ್ದು ಜೂನ್ ಎರಡನೇ ವಾರ. ಇಳಿಯಬಾರದ ವಾರ ಅದು. ಘಟ್ಟದ ಒಂದೊಂದು ತಿರುವಿನಲ್ಲೂ ನೀರು ಬೀಳುತ್ತಿತ್ತು. ನನ್ನ ಹಾಸಿಗೆ, ಪುಸ್ತಕ, ಜೋಳದ ಚೀಲ ಎಲ್ಲಾ ನೆನೆದವು.

ಮನೆ ಯಜಮಾನಿ ಬಾಗಿಲಲ್ಲೇ ನಿಂತಿದ್ದರು. ಅವರನ್ನು ನಾನು ಅಕ್ಕ ಅಂತ ಕರೆಯುತ್ತೇನೆ, ಇಲ್ಲೂ ಹಾಗೇ ಬರೆಯುತ್ತೇನೆ. ಚೀಲ ಮುಟ್ಟಿ ನೋಡಿ, "ಇದು ಎಂತದು, ಜೋಳವಾ? ಇದು ಇಲ್ಲಿ ಉಳೂದಿಲ್ಲ" ಅಂದರು. ಉಳಿಯಲಿಲ್ಲ. ಹದಿನೈದು ದಿನಕ್ಕೆ ಹಿಟ್ಟಿಗೆ ಹುಳ ಬಿತ್ತು. ಉಪ್ಪು ನೀರಾಯಿತು. ಚಪ್ಪಲಿಗೆ ಬೂಸ್ಟು ಬಂತು. ಬೀರುವಿನೊಳಗಿದ್ದ ರೇಷ್ಮೆ ಸೀರೆಗೆ ಮುಗ್ಗಲು ವಾಸನೆ. ಕಿಟಕಿಯ ಸರಳು, ಸ್ಕೂಟರಿನ ಸೈಲೆನ್ಸರ್, ಗ್ಯಾಸ್ ಒಲೆಯ ಕಾಲು, ಕಬ್ಬಿಣ ಅನ್ನೋದೆಲ್ಲಾ ತುಕ್ಕು. ಉಪ್ಪು ಗಾಳಿಯ ಕೆಲಸ ಅದು. ಮಳೆ ನಿಂತರೂ ಅದು ನಿಲ್ಲುವುದಿಲ್ಲ.

ಮಳೆಗಾಲವನ್ನು ಮೇ ತಿಂಗಳಲ್ಲೇ ಶುರು ಮಾಡಬೇಕು ಅಂತ ನನಗೆ ಕಲಿಸಿದವರು ಅಕ್ಕ. ಸೌದೆ ಒಳಗೆ ಸೇರಬೇಕು. ಹಪ್ಪಳ, ಮೆಣಸಿನಕಾಯಿ, ಹುಣಸೆಹಣ್ಣು ಒಣಗಿ ಡಬ್ಬಿಗೆ ಹೋಗಬೇಕು. ಹೆಂಚು ತಿರುವಿ ಹಾಕಿಸಬೇಕು. ಪಡುವಣ ಗೋಡೆಗೆ ತೆಂಗಿನ ಮಡಲು ಕಟ್ಟಬೇಕು, ಯಾಕೆಂದರೆ ಮಳೆ ಅಲ್ಲಿ ಮೇಲಿಂದ ಬೀಳುವುದಿಲ್ಲ, ಕಡಲ ಕಡೆಯಿಂದ ಅಡ್ಡಡ್ಡ ಬರುತ್ತದೆ. ಚಿರೆಕಲ್ಲಿನ ಗೋಡೆ ಅದನ್ನು ಕುಡಿಯುತ್ತದೆ. ಆ ಕಡಲತೀರದಲ್ಲಿ ವರ್ಷದ ಮಳೆ 3000 ಮಿಲಿಮೀಟರ್ ದಾಟುತ್ತದೆ. ಶಿರಹಟ್ಟಿಗೆ ಐದು ವರ್ಷಕ್ಕೆ ಬೀಳುವಷ್ಟು ನೀರು. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬಿದ್ದು ಮುಗಿಯುತ್ತದೆ.

ಸೈಟಿನ ಫೋಟೊ ಯಾವಾಗಲೂ ಡಿಸೆಂಬರಿನಲ್ಲಿ ತೆಗೆದದ್ದಾಗಿರುತ್ತದೆ. ಪಕ್ಕದ ಮನೆಯವರಿಗೆ ನಾನು ಮೊದಲು ಹೇಳಬೇಕಾಗಿದ್ದ ಮಾತು ಇದು. ಜುಲೈನಲ್ಲಿ ಹೋಗಿ ಒಂದು ತಿಂಗಳು ಬಾಡಿಗೆಗೆ ಇದ್ದು ನೋಡಿ. ಎರಡು ದಿನ ಕರೆಂಟ್ ಇಲ್ಲದೆ ಇದ್ದು ನೋಡಿ.

ಹೀಗೆ ಹೇಳಿದೆ ಅಂತ ಕುಮಟಾ ನನಗೆ ಹಿಡಿಸಲಿಲ್ಲ ಅಂದುಕೊಳ್ಳಬೇಡಿ. ಆ ಊರನ್ನು ನಾನು ತುಂಬಾ ಹಚ್ಚಿಕೊಂಡಿದ್ದೆ. ಈಗಲೂ ಅಷ್ಟೇ.

ನಮ್ಮ ಮನೆಯಿಂದ ಕಡಲು ಕಾಣುತ್ತಿರಲಿಲ್ಲ. ಕೇಳುತ್ತಿತ್ತು. ಚಳಿಗಾಲದಲ್ಲಿ ಸುಮ್ನೆ ಉಸಿರಾಡಿದ ಹಾಗೆ. ಜೂನ್ ಬಂತೆಂದರೆ ಇಡೀ ರಾತ್ರಿ ಮೊರೆತ. ಮೊದಲ ವರ್ಷ ನನಗೆ ನಿದ್ದೆ ಬರುತ್ತಿರಲಿಲ್ಲ. ಮೂರನೇ ವರ್ಷ ಹಬ್ಬಕ್ಕೆ ಧಾರವಾಡಕ್ಕೆ ಬಂದಾಗ ಆ ಸದ್ದು ಇಲ್ಲದ್ದಕ್ಕೆ ನಿದ್ದೆ ಬರಲಿಲ್ಲ.

ನಾವು ಮೀನು ತಿನ್ನುವವರಲ್ಲ. ಆದರೂ ಆ ಊರಿನ ಗಡಿಯಾರ ನನಗೆ ಮೀನಿನಿಂದಲೇ ಗೊತ್ತಾಗುತ್ತಿತ್ತು. ಬೆಳಿಗ್ಗೆ ಬುಟ್ಟಿ ಹೊತ್ತ ಹೆಂಗಸರು ಓಣಿಯಲ್ಲಿ ಬಂದರೆ ಎಂಟಾಯಿತು ಅಂತ ಅರ್ಥ. ಬಂಗಡೆ, ತಾರ್ಲೆ ಅಂತ ಅವರು ಕೂಗುವ ದನಿಯಲ್ಲೇ ಆ ದಿನ ಕಡಲು ಎಷ್ಟು ಕೊಟ್ಟಿದೆ ಅಂತ ಅಕ್ಕ ಹೇಳುತ್ತಿದ್ದರು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮೀನು ಮೊಟ್ಟೆ ಇಡುವ ಕಾಲ. ಆ ಎರಡು ತಿಂಗಳು ಊರಿನ ಕೈಯಲ್ಲಿ ದುಡ್ಡು ಓಡಾಡುವುದಿಲ್ಲ. ಬಟ್ಟೆ ಅಂಗಡಿಯವನು, ಆಟೋದವನು, ಹೂವಿನವಳು, ಎಲ್ಲರದೂ ಅದೇ ಕಥೆ. ನೂಲು ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಡುವಾಗ ಜನರ ಮುಖದಲ್ಲಿ ಇರುತ್ತಿದ್ದ ಬೆಳಕು ಬರೀ ಭಕ್ತಿಯದ್ದಾಗಿರಲಿಲ್ಲ. ಇನ್ನು ಕೆಲಸ ಶುರು ಅನ್ನುವ ಸಮಾಧಾನವೂ ಅದರಲ್ಲಿ ಇತ್ತು. ನಮ್ಮ ಕಡೆ ಮೊದಲ ಮಳೆಗೆ ಬಿತ್ತಲು ಹೊರಟವರ ಮುಖದಲ್ಲಿ ನಾನು ಅದನ್ನೇ ನೋಡಿದ್ದೆ.

ಬೇಸಿಗೆ ಬಂದರೆ ಹಂದಿಗೋಣ, ಅಳ್ವೆಕೋಡಿ ಹತ್ತಿರ ಹೆದ್ದಾರಿಯ ಪಕ್ಕ ಈರುಳ್ಳಿಯ ಗೊಂಚಲು ತೂಗುಹಾಕುತ್ತಾರೆ. ಕುಮಟಾದ ಸಿಹಿ ಈರುಳ್ಳಿ. ಅದನ್ನು ಸೊಪ್ಪಿನ ಸಮೇತ ಜಡೆಯ ಹಾಗೆ ಹೆಣೆದಿರುತ್ತಾರೆ. ನೀವು ಕಾರಿನಲ್ಲಿ ಹೋಗುವಾಗ ನೋಡಿರುತ್ತೀರಿ. ಹಸಿಯಾಗಿ ತಿಂದರೂ ಖಾರ ಹತ್ತುವುದಿಲ್ಲ. ನಮ್ಮ ಕಡೆಯ ಉಳ್ಳಾಗಡ್ಡಿ ತಿಂದು ಬೆಳೆದ ನನಗೆ ಮೊದಲು ಸಪ್ಪೆ ಅನ್ನಿಸಿತ್ತು. ಈಗ ಮೇ ತಿಂಗಳಲ್ಲಿ ಅದಿಲ್ಲದೆ ಊಟ ಪೂರ್ತಿಯಾಗುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ನನ್ನ ಮನಸ್ಸಿನಲ್ಲಿ ಕೂತಿರುವುದು ಕಗ್ಗ. ಅದು ಒಂದು ಭತ್ತ. ಅಘನಾಶಿನಿ ಹೊಳೆ ಕಡಲು ಸೇರುವ ಕಡೆ ಗಜನಿ ಅನ್ನುವ ಗದ್ದೆಗಳಿವೆ. ಭರತ, ಅಂದರೆ ಕಡಲಿನ ಉಬ್ಬರ, ಬಂದಾಗ ಉಪ್ಪು ನೀರು ಒಳಗೆ ಬರುವಷ್ಟು ತಗ್ಗಿನ ಜಾಗ. ಬೇರೆ ಭತ್ತ ಅಲ್ಲಿ ಬದುಕುವುದಿಲ್ಲ. ಕಗ್ಗ ಬದುಕುತ್ತದೆ. ಆಳೆತ್ತರ ಬೆಳೆಯುತ್ತದೆ. ನೆರೆ ಬಂದು ಕೆಲವು ದಿನ ಮುಳುಗಿದರೂ ತಡೆದುಕೊಳ್ಳುತ್ತದೆ. ಗೊಬ್ಬರ ಹಾಕುವುದಿಲ್ಲ, ಔಷಧ ಹೊಡೆಯುವುದಿಲ್ಲ. ಕೊಯ್ಲಿನ ಹೊತ್ತಿಗೂ ನೀರು ಇದ್ದರೆ ದೋಣಿ ತಂದು ತೆನೆ ಕೊಯ್ಯುತ್ತಾರೆ. ಕೊಯ್ದ ಮೇಲೆ ಅದೇ ಗದ್ದೆಯಲ್ಲಿ ಮೀನು, ಸಿಗಡಿ. ಮಾಣಿಕಟ್ಟಾದಲ್ಲಿ ಅಕ್ಕನ ತವರಿನವರ ಗದ್ದೆ ಇತ್ತು. ಒಂದು ಸಲ ಕರೆದುಕೊಂಡು ಹೋಗಿದ್ದರು. ಬದುವಿನ ಮೇಲೆ ನಿಂತು ನಾನು ಸುಮಾರು ಹೊತ್ತು ಮಾತಾಡಲಿಲ್ಲ. ಉಪ್ಪು ನೀರಲ್ಲಿ ಬೆಳೆ ಬರುತ್ತದೆ ಅಂತ ನನ್ನ ಅಪ್ಪನಿಗೆ ಹೇಳಿದ್ದರೆ ನಂಬುತ್ತಿರಲಿಲ್ಲ. ನಮ್ಮ ಹೊಲದಲ್ಲಿ ಸವುಳು ಬಂತೆಂದರೆ ಆ ತುಂಡು ಹೋಯಿತು ಅಂತಲೇ ಲೆಕ್ಕ. ಇವರು ಅದರಲ್ಲೇ ಬೀಜ ಹುಡುಕಿಕೊಂಡು, ತಲೆಮಾರಿನಿಂದ ತಲೆಮಾರಿಗೆ ಉಳಿಸಿಕೊಂಡು ಬಂದಿದ್ದಾರೆ.

ಈಗ ಕಗ್ಗ ಬೆಳೆಯುವ ಗದ್ದೆ ಕಡಿಮೆಯಾಗುತ್ತಿದೆ. ಕಟ್ಟೆ ಒಡೆದರೆ ಒಬ್ಬರಿಂದ ಕಟ್ಟಲಾಗುವುದಿಲ್ಲ, ಇಡೀ ಊರು ಕೂಡಬೇಕು. ಊರಲ್ಲಿ ಜನ ಎಲ್ಲಿದ್ದಾರೆ? ನಮ್ಮ ಓಣಿಯಲ್ಲಿ ಹನ್ನೊಂದು ಮನೆ. ಏಳು ಮನೆಯಲ್ಲಿ ವಯಸ್ಸಾದವರು ಮಾತ್ರ. ಮಕ್ಕಳೆಲ್ಲಾ ಬೆಂಗಳೂರು, ಗೋವಾ, ಮುಂಬೈ. ಅಕ್ಕನ ಮಗನೂ ಬೆಂಗಳೂರಿನಲ್ಲೇ. ನಾವು ಹುಡುಕಿಕೊಂಡು ಹೋಗುವ ಊರನ್ನು ಅಲ್ಲೇ ಹುಟ್ಟಿದ ಮಕ್ಕಳು ಬಿಟ್ಟು ಬರುತ್ತಿದ್ದಾರೆ. ಇದನ್ನು ಯೋಚಿಸದೆ ಸೈಟಿನ ಮಾತು ಆಡಬಾರದು ಅಂತ ನನಗೆ ಅನ್ನಿಸುತ್ತದೆ.

ಕುಮಟಾಕ್ಕೂ ನಮ್ಮ ಕಡೆಗೂ ಇರುವ ನಂಟು ಹಳೆಯದು. ಅಲ್ಲಿಗೆ ಹೋಗುವ ತನಕ ನನಗೂ ಗೊತ್ತಿರಲಿಲ್ಲ. ನಮ್ಮವರ ಗೆಳೆಯರೊಬ್ಬರು ಹಳೆಯ ಗೆಜೆಟಿಯರ್ ತೆರೆದು ತೋರಿಸಿದರು. ಹತ್ತೊಂಬತ್ತನೇ ಶತಮಾನದಲ್ಲಿ ಧಾರವಾಡ, ಹುಬ್ಬಳ್ಳಿ, ಗದಗ ಕಡೆಯ ಹತ್ತಿ ಎತ್ತಿನ ಮೇಲೆ, ಬಂಡಿಯ ಮೇಲೆ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಅಲ್ಲಿಂದ ಹಡಗಿನಲ್ಲಿ ಮುಂಬೈಗೆ. ಮುಂಬೈ ಪೇಟೆಯಲ್ಲಿ ನಮ್ಮ ಜವಾರಿ ಹತ್ತಿಗೆ ಹೆಸರೇ 'ಕುಮಟಾ' ಅಂತ. ಕುಮಟಾದಲ್ಲಿ ಹತ್ತಿಯ ಹೊಲವೇ ಇಲ್ಲ. ಹತ್ತಿ ನಮ್ಮದು, ಹೆಸರು ಬಂದರಿನದು. 1861ರಿಂದ 1865ರ ತನಕ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಅಲ್ಲಿನ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬರುವುದು ನಿಂತಿತು. ಆಗ ನಮ್ಮ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂತು. ಆ ಬೆಲೆಯಲ್ಲಿ ಕುಮಟಾವೂ ಬೆಳೆಯಿತು. ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸಿನಿಂದ ತೆಗೆದು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ದೂ ಅದೇ ಹೊತ್ತಿಗೆ, 1862ರಲ್ಲಿ. 1880ರ ದಶಕದಲ್ಲಿ ಹುಬ್ಬಳ್ಳಿಗೆ ರೈಲು ಬಂತು, ಮುರ್ಮಗೋವಾ ಬಂದರಿಗೆ ದಾರಿಯಾಯಿತು. ಹತ್ತಿ ಆ ಕಡೆ ತಿರುಗಿತು. ಕುಮಟಾ ಬಂದರು ತಣ್ಣಗಾಯಿತು.

ಸಂಜೆ ಹೆಡ್ ಬಂದರಿನ ಹತ್ತಿರ ಬಂಡೆಯ ಮೇಲೆ ಕೂತಾಗೆಲ್ಲಾ ನನಗೆ ಆ ಬಂಡಿಗಳು ನೆನಪಾಗುತ್ತಿದ್ದವು. ನಮ್ಮಜ್ಜನ ಅಜ್ಜ ಬೆಳೆದ ಹತ್ತಿಯೂ ಈ ದಂಡೆಯಿಂದಲೇ ಹಡಗು ಹತ್ತಿರಬಹುದು, ಅಲ್ವಾ? ಹೋಗುವಾಗ ಹತ್ತಿ, ಬರುವಾಗ ಉಪ್ಪು, ತೆಂಗಿನಕಾಯಿ. ಸಾಣಿಕಟ್ಟಾದ ಉಪ್ಪಿನ ಗದ್ದೆ ಈಗಲೂ ಇದೆ. ದಾರಿಯ ಪಕ್ಕ ಬಿಳಿ ರಾಶಿ ಕಂಡರೆ ಕಾರು ನಿಲ್ಲಿಸಿ ನೋಡಿ.

ಈಗ ಘಟ್ಟ ಹತ್ತಿ ಬರುವುದು ಬೇರೆ.

2018ರ ಜುಲೈ. ರಾತ್ರಿ ಹನ್ನೊಂದೂವರೆ. ನಮ್ಮವರಿಗೆ ಎದೆ ಹಿಡಿದ ಹಾಗಾಯಿತು. ಎಡಗೈ ಸೆಳೆತ, ಬೆವರು. ಹತ್ತಿರದ ಡಾಕ್ಟರು ಎದ್ದು ಬಂದರು. ಇಸಿಜಿ ಮಾಡಿದರು, ಮಾತ್ರೆ ನಾಲಿಗೆ ಕೆಳಗೆ ಇಟ್ಟರು. ಅವರು ಮಾಡಬಹುದಾದದ್ದನ್ನೆಲ್ಲಾ ಮಾಡಿದರು. ಆಮೇಲೆ, "ಇಲ್ಲಿ ಇಟ್ಕೊಂಡು ಕೂತರೆ ಕಷ್ಟ. ಮಣಿಪಾಲಕ್ಕೋ ಹುಬ್ಬಳ್ಳಿಗೋ ಬೇಗ ಹೊರಡಿ" ಅಂದರು. ನಮ್ಮ ಜನ ಇರುವುದು ಹುಬ್ಬಳ್ಳಿಯಲ್ಲಿ. ಆಂಬುಲೆನ್ಸ್ ಅಂಕೋಲಾ ದಾಟಿ ಯಲ್ಲಾಪುರದ ದಾರಿ ಹಿಡಿಯಿತು. ಒಟ್ಟು 160 ಕಿಲೋಮೀಟರಿನ ಆಸುಪಾಸು. ಹಗಲಲ್ಲಿ, ಒಣ ರಸ್ತೆಯಲ್ಲಿ, ಮೂರೂವರೆ ಗಂಟೆ.

ಅರಬೈಲ್ ಘಟ್ಟದಲ್ಲಿ ಮರ ಬಿದ್ದಿತ್ತು. ಮುಂದೆ ಲಾರಿಗಳ ಸಾಲು. ಮಳೆ ಹೇಗೆ ಬೀಳುತ್ತಿತ್ತೆಂದರೆ ದೀಪದ ಬೆಳಕು ನಾಲ್ಕು ಅಡಿಗೇ ನಿಲ್ಲುತ್ತಿತ್ತು. ನಮ್ಮ ಡ್ರೈವರ್ ಇಳಿದು ಓಡಿದ. ಲಾರಿಯವರು ಕೊಡಲಿ, ಹಗ್ಗ ತೆಗೆದರು. ಯಾರೂ ಯಾರ ಹೆಸರೂ ಕೇಳಲಿಲ್ಲ. ನಾನು ಒಳಗೆ ನಮ್ಮವರ ಕೈ ಹಿಡಿದು ಕೂತಿದ್ದೆ. ಕೊಡಲಿಯ ಸದ್ದು ಎಣಿಸುತ್ತಿದ್ದೆ. ನಲವತ್ತು ನಿಮಿಷ ಆಗಿರಬಹುದು. ಒಂದು ಬದಿ ತೆರವಾಯಿತು. ಲಾರಿಯವರು ಹಿಂದೆ ಸರಿದು ನಮ್ಮನ್ನು ಮೊದಲು ಬಿಟ್ಟರು. ಅವರು ಯಾರು, ಯಾವ ಊರಿನವರು, ನನಗೆ ಇವತ್ತಿಗೂ ಗೊತ್ತಿಲ್ಲ. ಅವರ ಮನೆಗಳಲ್ಲಿ ಎಲ್ಲರೂ ಆರೋಗ್ಯವಾಗಿರಲಿ.

ಹುಬ್ಬಳ್ಳಿ ಮುಟ್ಟಿದಾಗ ಬೆಳಗಾಗುತ್ತಿತ್ತು. ನಮ್ಮವರು ಉಳಿದರು. ಈಗ ಹುಷಾರಾಗಿದ್ದಾರೆ, ಇದನ್ನು ಬರೆಯುವಾಗ ಪಕ್ಕದ ಕೋಣೆಯಲ್ಲಿ ಪೇಪರ್ ಓದುತ್ತಿದ್ದಾರೆ. ಆದರೆ ಆ ಡ್ರೈವರ್ ವಾಪಸ್ ಹೊರಡುವಾಗ ಹೇಳಿದ ಮಾತು ನನ್ನಿಂದ ಹೋಗಿಲ್ಲ. "ನಾ ವಾರಕ್ಕೆ ಎರಡು ಮೂರು ಸಲ ಹೀಂಗೆ ಬತ್ತೆ. ಎಲ್ಲರೂ ಮುಟ್ಟೂದಿಲ್ಲ."

ಮುಂದಿನ ವರ್ಷ ನಿವೃತ್ತಿ. ಮನೆ ಖಾಲಿ ಮಾಡಿ ಧಾರವಾಡಕ್ಕೆ ಬಂದೆವು. ಕೆಲಗೇರಿ ಕಡೆ ಮೊದಲೇ ಜಾಗ ಇತ್ತು. ಜನ "ಕಡಲು ಬಿಟ್ಟು ಯಾಕ ಬಂದ್ರಿ?" ಅಂತ ಕೇಳಿದಾಗ ನಾನು "ಮಕ್ಕಳಿಗೆ ಹತ್ತಿರ ಆಗತದ" ಅಂತ ಹೇಳುತ್ತಿದ್ದೆ. ಮಕ್ಕಳು ಇರುವುದು ಪುಣೆಯಲ್ಲಿ. ನಿಜವಾದ ಕಾರಣ ಆ ನಲವತ್ತು ನಿಮಿಷ.

ನಮಗೆ ಬರಲು ಒಂದು ಊರಿತ್ತು, ಬಂದೆವು. ಅಕ್ಕನಿಗೆ ಎಲ್ಲಿದೆ? ಆ ಡಾಕ್ಟರಿಗೆ, ಮೀನಿನ ಬುಟ್ಟಿಯವರಿಗೆ, ಗಜನಿ ಕಟ್ಟೆ ಕಟ್ಟುವವರಿಗೆ? ಎದೆನೋವು ಅವರಿಗೂ ಬರುತ್ತದೆ. ಕಾರವಾರದಲ್ಲಿ ಮೆಡಿಕಲ್ ಕಾಲೇಜು ಬಂದಿದೆ. ಆದರೂ ಹೃದಯ, ಮಿದುಳು, ದೊಡ್ಡ ಅಪಘಾತ ಅಂದರೆ ಜನ ಈಗಲೂ ಮಣಿಪಾಲ, ಮಂಗಳೂರು, ಗೋವಾ, ಹುಬ್ಬಳ್ಳಿ ಅಂತ ಓಡುತ್ತಾರೆ. ಜಿಲ್ಲೆಗೆ ಒಂದು ಮಲ್ಟಿ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಅವರು ಎಷ್ಟೋ ವರ್ಷದಿಂದ ಕೇಳುತ್ತಿದ್ದಾರೆ. 2022ರಲ್ಲಿ ಬೀದಿಗೆ ಇಳಿದು ಕೇಳಿದರು. ಆಸ್ಪತ್ರೆ ಕೊಡದಿದ್ದರೆ ಓಟಿಲ್ಲ ಅಂದರು. ಆ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಹತ್ತಿರದ ಟೋಲ್ ಗೇಟಿನಲ್ಲಿ ಜಾರಿ ಬಿದ್ದ ವಿಡಿಯೊ ಎಲ್ಲರೂ ನೋಡಿದ್ದೇವೆ. ನಾನು ಅದನ್ನು ಪೂರ್ತಿ ನೋಡಲಿಲ್ಲ. ನೋಡಲಾಗಲಿಲ್ಲ.

ಒಂದು ವಿಷಯ ಗಮನಿಸಿ. ನಾವು ಘಟ್ಟ ಇಳಿಯುವುದು ಕಡಲು ನೋಡಲು. ಅವರು ಘಟ್ಟ ಹತ್ತುವುದು ಆಸ್ಪತ್ರೆಗೆ, ಕೋರ್ಟಿಗೆ, ಮಕ್ಕಳ ಓದಿಗೆ. 2008ರಿಂದ ಧಾರವಾಡದಲ್ಲಿ ಹೈಕೋರ್ಟ್ ಪೀಠ ಇದೆ, ಉತ್ತರ ಕನ್ನಡದ ಕೇಸುಗಳು ಅಲ್ಲಿಗೇ ಬರುತ್ತವೆ. ಜಮೀನಿನ ಕಾಗದದ ಚೀಲ ಹಿಡಿದುಕೊಂಡು ಬಸ್ಸಿನಿಂದ ಇಳಿಯುವ ಕರಾವಳಿಯ ಮುದುಕರನ್ನು ನಾನು ಹುಬ್ಬಳ್ಳಿಯ ಬಸ್ ಸ್ಟ್ಯಾಂಡಿನಲ್ಲಿ ಮಾತಿನಿಂದಲೇ ಗುರುತು ಹಿಡಿಯುತ್ತೇನೆ. "ಅಲ್ದಾ" ಅನ್ನುವ ಒಂದು ಮಾತು ಕಿವಿಗೆ ಬಿದ್ದರೆ ಸಾಕು, ತಿರುಗಿ ನೋಡುತ್ತೇನೆ.

ಹುಬ್ಬಳ್ಳಿ ಅಂಕೋಲಾ ರೈಲು ಬಂದರೆ ಎಲ್ಲಾ ಸರಿಹೋಗುತ್ತದೆ ಅನ್ನುವವರಿದ್ದಾರೆ. ಆ ಮಾತು ದಶಕಗಳಿಂದ ನಡೆದಿದೆ. ಮರ ಬಿದ್ದ ರಾತ್ರಿ ನನಗೂ ಹಾಗೇ ಅನ್ನಿಸಿತ್ತು. ಆದರೆ ಆ ಕಾಡಿನೊಳಗೆ ಹಗಲಲ್ಲಿ ಹೋಗಿ ನಿಂತರೆ ಬೇಡ ಅನ್ನಿಸುತ್ತದೆ. ಕಾಳಿ, ಗಂಗಾವಳಿ, ಅಘನಾಶಿನಿ ಎಲ್ಲಕ್ಕೂ ನೀರು ಕೊಡುವುದು ಆ ಘಟ್ಟದ ಕಾಡುಗಳೇ. ರೋಗಿಯನ್ನು ಬೇಗ ಮೇಲೆ ತರುವುದಕ್ಕಿಂತ ಆಸ್ಪತ್ರೆಯನ್ನು ಕೆಳಗೆ ಒಯ್ಯುವುದು ಒಳ್ಳೆಯದು. ನನಗೆ ಇದರಲ್ಲಿ ಅನುಮಾನವೇ ಇಲ್ಲ.

ಗುಡ್ಡದ ಮಾತು ಬಂತು, ಹೇಳಿಬಿಡುತ್ತೇನೆ. ಅಂಕೋಲಾ ಹತ್ತಿರದ ಶಿರೂರಿನಲ್ಲಿ ಹೆದ್ದಾರಿಯ ಪಕ್ಕ ಒಂದು ಚಹಾದ ಅಂಗಡಿ ಇತ್ತು. ಒಂದು ಬದಿ ಗುಡ್ಡ, ಇನ್ನೊಂದು ಬದಿ ಗಂಗಾವಳಿ ಹೊಳೆ. ಲಾರಿಯವರು ನಿಲ್ಲಿಸುವ ಜಾಗ. ನಮ್ಮವರಿಗೆ ಅಂಕೋಲಾದಲ್ಲಿ ಕೆಲಸ ಇದ್ದಾಗ ದಿನಾ ಆ ದಾರಿಯಲ್ಲೇ ಓಡಾಟ. 2024ರ ಜುಲೈ 16ರ ಬೆಳಿಗ್ಗೆ ಆ ಗುಡ್ಡ ಕುಸಿದು ರಸ್ತೆ ದಾಟಿ ಹೊಳೆಗೆ ಬಿತ್ತು. ಅಂಗಡಿ, ಅಂಗಡಿಯ ಮನೆಮಂದಿ, ನಿಂತಿದ್ದವರು, ವಾಹನ ಎಲ್ಲಾ ಹೋದರು. ಮಣ್ಣು ಬಿದ್ದ ರಭಸಕ್ಕೆ ಹೊಳೆಯ ನೀರು ಎದುರು ದಡದ ಉಳುವರೆಯ ಮನೆಗಳ ಮೇಲೆ ಎದ್ದು ಬಂತು. ಹೊಳೆಯೊಳಗೆ ಸಿಕ್ಕಿಕೊಂಡ ಒಂದು ಲಾರಿಯನ್ನು ಮೇಲೆತ್ತಲು ಎರಡು ತಿಂಗಳಿಗಿಂತ ಜಾಸ್ತಿ ಬೇಕಾಯಿತು. ಆವತ್ತು ನಾವಿಬ್ಬರೂ ಟಿವಿ ಮುಂದೆ ಕೂತು ಊಟ ಮಾಡಲಿಲ್ಲ. ಅದೇ ತಿರುವು, ಅದೇ ಗುಡ್ಡ. ಅಲ್ಲಿ ನಾವು ಎಷ್ಟು ಸಲ ಚಹಾ ಕುಡಿದಿದ್ದೇವೋ.

ಈಗ ಸೈಟಿನ ಕೆಲಸದ ಮಾತು, ಚಿಕ್ಕದಾಗಿ. ಭರತದ ಗೆರೆಯಿಂದ 500 ಮೀಟರ್ ತನಕ ಕರಾವಳಿ ನಿಯಂತ್ರಣ ವಲಯದ ನಿಯಮ ಇದೆ. ಹೊಳೆ ಕಡಲು ಸೇರುವ ಅಳಿವೆ, ಹಿನ್ನೀರಿನ ದಂಡೆಗೂ ಬೇರೆ ಅಳತೆಯಲ್ಲಿ ಅದೇ ನಿಯಮ ಬರುತ್ತದೆ. ಫೋಟೊದಲ್ಲಿ ಕಡಲು ಕಾಣುತ್ತದೆ ಅಂದರೆ ಮೊದಲು ಆ ನಕ್ಷೆ ನೋಡಿ. ಜಿಲ್ಲೆಯ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಕಾಡು, ಹಾಗಾಗಿ ಕಾಗದ ಸರಿಯಾಗಿರುವ ಜಾಗವೇ ಕಡಿಮೆ. ಬಾವಿಯ ನೀರನ್ನು ಮೇ ತಿಂಗಳಲ್ಲಿ ಕುಡಿದು ನೋಡಿ. ಅಳಿವೆಯ ಹತ್ತಿರ ಬೇಸಿಗೆಯಲ್ಲಿ ಬಾವಿ ಉಪ್ಪಾಗುತ್ತದೆ. ಮಳೆಗಾಲ ಮುಗಿದಾಗ ನೀರು ಎಲ್ಲಿ ಬೇಕಾದರೂ ಸಿಹಿಯೇ.

ಜಾಗ ಕಡಿಮೆ ಇರುವ ಕಡೆ ಹೊರಗಿನವರು ಬಂದು ಕೊಂಡರೆ ಏನಾಗುತ್ತದೆ ಅನ್ನುವುದನ್ನೂ ಯೋಚಿಸಿ. ನಮ್ಮ ಓಣಿಯ ಕೊನೆಯಲ್ಲಿ ಒಂದು ತೋಟ ಇತ್ತು. ಯಾರೋ ಕೊಂಡರು, ಚೆಂದದ ಮನೆ ಕಟ್ಟಿದರು. ವರ್ಷಕ್ಕೆ ಎಂಟು ದಿನ ಬರುತ್ತಿದ್ದರು. ಉಳಿದ ದಿನ ಬೀಗ. ದೊಡ್ಡ ಗೇಟು, ಕತ್ತಲೆ ಮನೆ. ಪಕ್ಕದ ಹುಡುಗನಿಗೆ ಮದುವೆಯಾಗಿ ಬೇರೆ ಮನೆ ಕಟ್ಟಬೇಕು ಅಂತ ಇತ್ತು, ಅದೇ ಓಣಿಯಲ್ಲಿ. ಬೆಲೆ ಕೇಳಿ ಸುಮ್ಮನಾದ. ಅವನು ಈಗ ಗೋವಾದಲ್ಲಿದ್ದಾನೆ. ಆ ಮನೆಯವರು ಕೆಟ್ಟವರಲ್ಲ. ದುಡ್ಡು ಕೊಟ್ಟೇ ಕೊಂಡಿದ್ದಾರೆ. ಆದರೆ ದೀಪ ಹಚ್ಚುವ ಮನೆ ಒಂದು ಕಡಿಮೆಯಾಯಿತು. ರಾತ್ರಿ ಯಾರಿಗಾದರೂ ಏನಾದರೂ ಆದರೆ ಕರೆಯಬಹುದಾದ ಬಾಗಿಲು ಒಂದು ಕಡಿಮೆಯಾಯಿತು. ಆ ರಾತ್ರಿ ನಮ್ಮವರನ್ನು ಮೆಟ್ಟಿಲು ಇಳಿಸಿ ಆಂಬುಲೆನ್ಸಿಗೆ ಹತ್ತಿಸಿದವರು ಮೂರು ಮನೆಯ ಜನ. ಆ ಮೂರೂ ಮನೆಯಲ್ಲಿ ದೀಪ ಇತ್ತು.

ಧಾರವಾಡದಲ್ಲಿ ನಮಗೀಗ ಎಲ್ಲಾ ಹತ್ತಿರ. ತಪಾಸಣೆಗೆ ಹೋಗುವುದಿದ್ದರೆ ಚಿಗರಿ ಬಸ್ಸು ಹತ್ತಿದರೆ ಹುಬ್ಬಳ್ಳಿ. ಸಂಜೆ ಕೆಲಗೇರಿ ಕೆರೆಯ ಕಡೆ ವಾಕಿಂಗ್. ಜೋಳದ ಹಿಟ್ಟಿಗೆ ಹುಳ ಬೀಳುವುದಿಲ್ಲ. ರಾತ್ರಿ ಹನ್ನೆರಡಕ್ಕೆ ಏನಾದರೂ ಆದರೆ ಎಲ್ಲಿಗೆ ಓಡಬೇಕು ಅಂತ ನನಗೆ ಗೊತ್ತಿದೆ. ಈ ಗೊತ್ತಿರುವಿಕೆಯೇ ನನಗೆ ಈಗ ಮನೆ. ಆದರೂ ಜೂನ್ ಮೊದಲ ವಾರದಲ್ಲಿ ಪಡುವಣದಿಂದ ಮೋಡ ಬಂತೆಂದರೆ ನಾನು ಟೆರೇಸಿಗೆ ಹೋಗಿ ನಿಲ್ಲುತ್ತೇನೆ. ಗೆರೆ ಎಳೆದ ಹಾಗೆ ನೋಡಿದರೆ ಇಲ್ಲಿಂದ ಕಡಲು ಸುಮಾರು 120 ಕಿಲೋಮೀಟರ್. ಈ ಮೋಡ ಬೆಳಿಗ್ಗೆ ಅಕ್ಕನ ಹೆಂಚಿನ ಮೇಲೆ ಸುರಿದು, ಘಟ್ಟ ಹತ್ತುವಾಗ ಇನ್ನಷ್ಟು ಸುರಿದು, ಉಳಿದದ್ದನ್ನು ನಮಗೆ ತಂದಿದೆ. ಇನ್ನೂ ಮುಂದೆ ಹೋಗಿ ನನ್ನ ತವರಿಗೆ ಎರಡು ಹನಿ ಹಾಕುತ್ತದೆ.

2024ರ ಶುರುವಿನಲ್ಲಿ ಪೇಪರಿನಲ್ಲಿ ಒಂದು ಸುದ್ದಿ ಓದಿ ನನಗೆ ತುಂಬಾ ಸಂತೋಷವಾಯಿತು. ಅಘನಾಶಿನಿಯ ಅಳಿವೆ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿತ್ತು. ಅದೇ ಸುದ್ದಿಯಲ್ಲಿ ಮಾಗಡಿ ಕೆರೆಯೂ ಇತ್ತು. ಮಾಗಡಿ ನನ್ನ ತವರಿನ ಹತ್ತಿರ. ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಬರುವ ಕೆರೆ. ಚಿಕ್ಕವಳಿದ್ದಾಗ ನಮ್ಮ ಕಡಲೆ ಹೊಲದಲ್ಲಿ ಅವು ಇಳಿಯುತ್ತಿದ್ದವು. ಒಂದು ನಾನು ಹುಟ್ಟಿದ ಕಡೆಯ ನೀರು, ಇನ್ನೊಂದು ನಾನು ಬಿಟ್ಟು ಬಂದ ಕಡೆಯ ನೀರು. ಪೇಪರ್ ಕತ್ತರಿಸಿ ಇಟ್ಟುಕೊಂಡಿದ್ದೇನೆ. ಅಕ್ಕನಿಗೆ ಫೋನ್ ಮಾಡಿ ಹೇಳಿದೆ. "ನಮ್ ಹೊಳೆಗೆ ಈವರೆಗೆ ಅಣೆಕಟ್ಟು ಹಾಕ್ಲಿಲ್ಲ, ಅದೇ ದೊಡ್ಡದು" ಅಂದರು.

ಅಕ್ಕ ಈ ಗುರುವಾರ ಬರುತ್ತಿದ್ದಾರೆ. ಕಣ್ಣಿನ ಪೊರೆ ತೆಗೆಸಬೇಕು, ಹುಬ್ಬಳ್ಳಿಯಲ್ಲಿ. ಹದಿನೈದು ದಿನ ನಮ್ಮ ಮನೆಯಲ್ಲೇ ಇರುತ್ತಾರೆ. ನಾನು ಮುಂದಿನ ಕೋಣೆ ಖಾಲಿ ಮಾಡಿದ್ದೇನೆ, ಪಡುವಣ ಕಿಟಕಿ ಇರುವುದು. ಅವರಿಗೆ ಇಲ್ಲಿ ನಿದ್ದೆ ಬರುವುದಿಲ್ಲ, ಗೊತ್ತು. ಹೋದ ಸಲ ಬಂದಾಗ ರಾತ್ರಿ ಎದ್ದು ಫ್ಯಾನ್ ಜೋರು ಮಾಡಿ ಮಲಗಿದ್ದರು. ಏನಾದರೂ ಸದ್ದು ಬೇಕು ಅಂತ.

ಪಕ್ಕದ ಮನೆಯವರಿಗೆ ನಿನ್ನೆ ಹೇಳಿದೆ, ಶುಕ್ರವಾರ ಚಹಾಕ್ಕೆ ಬನ್ನಿ, ನೀವು ಕೇಳಿದ್ದನ್ನು ಅವರಿಗೇ ಕೇಳಿ ಅಂತ. ಫೋನಿನಲ್ಲಿ ಅಕ್ಕನಿಗೂ ಈ ಸೈಟಿನ ವಿಷಯ ತಿಳಿಸಿದ್ದೆ. ಜಾಗ ಯಾವ ಕಡೆ ಅಂತ ವಿಚಾರಿಸಿದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ತಕಂಬುದಾದ್ರೆ ತಕಳ್ಳಿ. ಒಳ್ಳೆ ಜನ ಆದ್ರೆ ಬರ್ಲಿ. ಬೀಗ ಹಾಕಿ ಇಡೂದಾದ್ರೆ ಬ್ಯಾಡ ಹೇಳು" ಅಂದರು. ಫೋನ್ ಇಡುವ ಮೊದಲು ಇನ್ನೊಂದು ಕೇಳಿದರು.

"ಈರುಳ್ಳಿ ಎಷ್ಟು ಗೊಂಚಲು ತರಲಿ? ಅವ್ರಿಗೂ ಸೇರಿಸಿ?"